ಮನೆಯ ಸೆಕೆ, ಮೂಲೆಯ ತೇವ: ಲೆಕ್ಕ ಇಡುವ ಬಗೆ

ಮುಂಗಾರಿನ ಮೊದಲ ಹದಮಳೆ ಬಿದ್ದ ಮಾರನೇ ದಿನ ಬಿತ್ತನೆ ಶೇಂಗಾದ ಚೀಲ ಬಿಚ್ಚುತ್ತೀರಿ. ಮೇಲಿನ ಕಾಯಿ ಗಲಗಲ ಎನ್ನುತ್ತದೆ, ತೊಂದರೆ ಇಲ್ಲ. ಕೈಯನ್ನು ಆಳಕ್ಕೆ ಇಳಿಸಿದಾಗ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ಗೋಡೆಗೆ ಒರಗಿದ್ದ ಬದಿಯ ಕಾಯಿ ಒಡೆದರೆ ಬೀಜದ ಮೇಲೆ ಹಸಿರು ಬೂಷ್ಟು. ಕಣದಲ್ಲಿ ಚೆನ್ನಾಗಿ ಒಣಗಿಸಿಯೇ ತಂದಿದ್ದಿರಿ, ಮಾಡು ಎಲ್ಲೂ ಸೋರಿಲ್ಲ. ಹಾಗಾದರೆ ನೀರು ಎಲ್ಲಿಂದ ಬಂತು?

ಧರ್ಮಪುರದ ಕಡೆ ತೇವದ ಮೇಲೆ ಅನುಮಾನ ಬರುವುದು ಎಲ್ಲಕ್ಕಿಂತ ಕೊನೆಗೆ. ಹಿರಿಯೂರು ತಾಲ್ಲೂಕಿನ ಈ ಹೋಬಳಿ ಆಂಧ್ರದ ಗಡಿಗೆ ಅಂಟಿಕೊಂಡಿದೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಊರಿನ ದೊಡ್ಡ ಕೆರೆಗೆ ನೀರು ತುಂಬಿಸಿ ಎನ್ನುವ ಬೇಡಿಕೆಗೆ ವಯಸ್ಸಾಗಿದೆ. ನೀರಿಲ್ಲ ಎನ್ನುವ ಮಾತೇ ಬಾಯಲ್ಲಿರುವ ಸೀಮೆಯಲ್ಲಿ ‘ಮನೆಯಲ್ಲಿ ತೇವ ಜಾಸ್ತಿಯಾಗಿದೆ’ ಎಂದರೆ ಯಾರೂ ಒಪ್ಪುವುದಿಲ್ಲ. 2022ರಲ್ಲಿ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ಲ, ಆ ವರ್ಷದಂಥ ಮಳೆ ಬಂದಾಗ ಮಾತ್ರ ಗೋಡೆಯ ತಂಪು ಕಣ್ಣಿಗೆ ಬೀಳುತ್ತದೆ. ಉಳಿದ ವರ್ಷಗಳಲ್ಲಿ ಅದು ಗುಟ್ಟಾಗಿ, ರಾತ್ರಿ ಹೊತ್ತು, ಮೂಲೆಯಲ್ಲಿ ಕೆಲಸ ಮಾಡುತ್ತದೆ.

ಅದನ್ನು ಹಿಡಿಯುವ ದಾರಿ ಈಗ ಸುಲಭವಾಗಿದೆ. ಕಂಪ್ಯೂಟರಿಗೆ ಜೋಡಿಸುವ ಸಣ್ಣ ಸೆನ್ಸರ್ ಐದೈದು ನಿಮಿಷಕ್ಕೆ ಉಷ್ಣಾಂಶ, ತೇವಾಂಶ ಎರಡನ್ನೂ ಬರೆದಿಡುತ್ತದೆ. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಒಂದಿದ್ದರೆ ಅದೇ ಸಾಕು. ಬಿತ್ತನೆ ಬೀಜವೋ, ಈರುಳ್ಳಿಯೋ, ರೇಷ್ಮೆ ಹುಳುವೋ, ಸೆಕೆಗೆ ನಿದ್ದೆಗೆಡುವ ವಯಸ್ಸಾದವರೋ, ಯಾರಿಗಾಗಿ ಅಳೆದರೂ ವಿಧಾನ ಒಂದೇ.

ಮೊದಲು ಗಾಳಿಯ ಗುಣ ತಿಳಿಯಿರಿ

ಗಾಳಿಯಲ್ಲಿ ನೀರಿನ ಆವಿ ಯಾವಾಗಲೂ ಇರುತ್ತದೆ. ಎಷ್ಟು ಆವಿಗೆ ಜಾಗವಿದೆ ಎನ್ನುವುದನ್ನು ಬಿಸಿ ತೀರ್ಮಾನಿಸುತ್ತದೆ. 22 ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಹೆಚ್ಚೆಂದರೆ ಸುಮಾರು 19 ಗ್ರಾಂ ಆವಿ ಇರಬಲ್ಲದು. 35 ಡಿಗ್ರಿಗೆ ಏರಿದರೆ ಸುಮಾರು 40 ಗ್ರಾಂ. ತುಂಬಬಹುದಾದ ಅಳತೆಯಲ್ಲಿ ಈಗ ಎಷ್ಟು ಪಾಲು ತುಂಬಿದೆ ಎನ್ನುವುದೇ ಸಾಪೇಕ್ಷ ಆರ್ದ್ರತೆ. ಸೆನ್ಸರ್ ಶೇಕಡಾ ಎಂದು ತೋರಿಸುವುದು ಇದನ್ನೇ.

ಅದೇ ನೀರನ್ನು ಚಿಕ್ಕ ಕೊಡದಿಂದ ದೊಡ್ಡ ಕೊಡಕ್ಕೆ ಸುರಿದ ಹಾಗೆ ಎಂದುಕೊಳ್ಳಿ. ಬೆಳಗಿನ ಜಾವ 22 ಡಿಗ್ರಿಯಲ್ಲಿ ಶೇ 80 ತೇವವಿದ್ದ ಗಾಳಿಯಲ್ಲಿ ಘನ ಮೀಟರಿಗೆ ಹದಿನೈದೂವರೆ ಗ್ರಾಂ ಆವಿ ಇದೆ. ಮಧ್ಯಾಹ್ನ ಅದೇ ಗಾಳಿ 35 ಡಿಗ್ರಿಗೆ ಕಾದಾಗ ಒಂದು ಹನಿಯೂ ಹೊರಗೆ ಹೋಗಿರುವುದಿಲ್ಲ, ಆದರೂ ಸೆನ್ಸರ್ ಶೇ 39 ಎನ್ನುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ನೋಡಿದವರು ‘ಮನೆ ಒಣಗಿದೆ’ ಎಂದು ನೆಮ್ಮದಿಯಾಗಿರುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೋಡುವವರು ಯಾರೂ ಇಲ್ಲ. ಯಂತ್ರದ ಕೈಗೆ ಈ ಕೆಲಸ ಕೊಡಬೇಕಾದ್ದು ಇದಕ್ಕೇ.

ಶೇಂಗಾ ಚೀಲದ ಕಥೆಯೂ ಇದೇ. ಕೋಣೆಯ ನಡುವೆ 26 ಡಿಗ್ರಿ, ಶೇ 70 ತೇವ ಇದೆ ಎನ್ನಿ. ಸಿಮೆಂಟ್ ನೆಲ, ನೆರಳಿನ ಗೋಡೆ ರಾತ್ರಿ 22 ಡಿಗ್ರಿಗೆ ತಣ್ಣಗಾಗಿದೆ. ಅವಕ್ಕೆ ತಾಗಿ ನಿಂತ ಗಾಳಿಯೂ ಅಷ್ಟೇ ತಣ್ಣಗಾಗುತ್ತದೆ. ಅಲ್ಲಿ ಅದೇ ಆವಿ ಶೇ 88 ಆಗಿ ಕೂರುತ್ತದೆ. ಕೋಣೆಯ ನಡುವೆ ಬೂಷ್ಟು ಹಿಡಿಯುವುದಿಲ್ಲ, ಗೋಡೆಯ ಬುಡದಲ್ಲಿ ಹಿಡಿಯುತ್ತದೆ. ಚೀಲದ ಮೇಲ್ಭಾಗ ಚೆನ್ನಾಗಿದ್ದು ತಳ ಕೆಡುವುದು ಈ ಕಾರಣಕ್ಕೆ. ಮಾಡು ಸೋರಬೇಕಾಗಿಲ್ಲ, ನೆಲ ಒದ್ದೆಯಾಗಬೇಕಾಗಿಲ್ಲ.

ತೇವ ಅಳೆಯುವ ಕೆಲಸವೇನೂ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಸೊಸ್ಯೂರ್ 18ನೇ ಶತಮಾನದಲ್ಲೇ ಮನುಷ್ಯರ ಕೂದಲು ತೇವಕ್ಕೆ ಉದ್ದವಾಗುವುದನ್ನು ಬಳಸಿ ಮಾಪಕ ಮಾಡಿದ. ನಮ್ಮ ರೇಷ್ಮೆ ಬೆಳೆಗಾರರ ಹುಳು ಮನೆಗಳಲ್ಲಿ ತೂಗುವ ಒಣ-ಒದ್ದೆ ಬಲ್ಬಿನ ಥರ್ಮಾಮೀಟರ್ ಕೂಡ ಅದೇ ಕೆಲಸದ್ದು. ಒದ್ದೆ ಬಟ್ಟೆ ಸುತ್ತಿದ ಬಲ್ಬಿನಿಂದ ನೀರು ಆವಿಯಾಗುತ್ತ ಅದು ತಣಿಯುತ್ತದೆ, ಎರಡರ ಅಂತರ ಹೆಚ್ಚಿದ್ದಷ್ಟೂ ಗಾಳಿ ಒಣ. ಅದು ನಂಬಿಗಸ್ತ ಸಾಧನ. ಆದರೆ ನೀವು ನೋಡಿದ ಹೊತ್ತಿನದ್ದನ್ನು ಮಾತ್ರ ಹೇಳುತ್ತದೆ, ನೀವು ಮಲಗಿದ್ದಾಗಿನದು ಅದರಲ್ಲಿ ಉಳಿಯುವುದಿಲ್ಲ.

ಯಾವ ಸೆನ್ಸರ್ ಕೊಳ್ಳಬೇಕು?

ಅಂಗಡಿಯಲ್ಲಿ ಮೊದಲು ಕೈಗೆ ಸಿಗುವುದು ನೀಲಿ ಬಣ್ಣದ ಡಿಎಚ್‌ಟಿ-11. ಅಗ್ಗ, ಆದರೆ ಕೊಳ್ಳಬೇಡಿ. ಉಷ್ಣಾಂಶದಲ್ಲಿ 2 ಡಿಗ್ರಿ, ತೇವದಲ್ಲಿ ಶೇ 5ರಷ್ಟು ಆಚೀಚೆ ಹೇಳುವುದು ಅದರ ಗುಣ. ಮಕ್ಕಳ ವಿಜ್ಞಾನ ಮಾದರಿಗೆ ಸಾಕು, ಬಿತ್ತನೆ ಬೀಜ ಕಾಯಲು ಸಾಲದು. ಅದರ ಅಣ್ಣ, ಬಿಳಿ ಬಣ್ಣದ ಡಿಎಚ್‌ಟಿ-22 ಉಷ್ಣಾಂಶದಲ್ಲಿ ಅರ್ಧ ಡಿಗ್ರಿಯ ಒಳಗೆ, ತೇವದಲ್ಲಿ ಶೇ 2ರಿಂದ 5ರ ಒಳಗೆ ನಿಲ್ಲುತ್ತದೆ. ಮನೆಬಳಕೆಗೆ ಇದು ಸರಿಯಾದ ಆಯ್ಕೆ. ಇನ್ನಷ್ಟು ಕೊಡಬಲ್ಲವರು ಎಸ್‌ಎಚ್‌ಟಿ-31 ಕೊಳ್ಳಬಹುದು. ಇದರ ತೇವದ ಅಂಕಿ ಶೇ 2ರ ಆಸುಪಾಸಿನಲ್ಲಿ ನಂಬಲರ್ಹ, ವರ್ಷಗಳ ಮೇಲೂ ಬೇಗ ದಾರಿ ತಪ್ಪುವುದಿಲ್ಲ. ನೀರಿನೊಳಗೆ ಅಥವಾ ಚೀಲದ ಒಡಲಿಗೆ ಇಳಿಸಲು ಉಕ್ಕಿನ ಕೊಳವೆಯಲ್ಲಿ ಬರುವ ಡಿಎಸ್18ಬಿ20 ಇದೆ. ಅದು ಬಿಸಿ ಮಾತ್ರ ಅಳೆಯುತ್ತದೆ, ತೇವ ಅಳೆಯುವುದಿಲ್ಲ.

ಸೆನ್ಸರ್ ಹೇಳಿದ್ದನ್ನು ಕಂಪ್ಯೂಟರಿಗೆ ಮುಟ್ಟಿಸಲು ನಡುವೆ ಒಂದು ಬೋರ್ಡ್ ಬೇಕು. ಮೊದಲ ಸಲ ಮಾಡುವವರಿಗೆ ಆರ್ಡುಯಿನೋ ಉನೋ ಒಳ್ಳೆಯದು. ಯುಎಸ್‌ಬಿ ಕೇಬಲಿನಿಂದಲೇ ಅದಕ್ಕೆ ಕರೆಂಟು ಸಿಗುತ್ತದೆ. ವೈಫೈ ಇರುವ ಇಎಸ್‌ಪಿ-8266, ಇಎಸ್‌ಪಿ-32 ಬೋರ್ಡುಗಳೂ ಇವೆ. ಕೇಬಲಿನಲ್ಲಿ ಕೈ ಪಳಗಿದ ಮೇಲೆ ಅತ್ತ ಹೋಗಿ. ನಮ್ಮ ಕಡೆ ಕರೆಂಟು ಹೋದಾಗ ವೈಫೈ ಪೆಟ್ಟಿಗೆಯೂ ಮಲಗುತ್ತದೆ, ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲಿ ಎಚ್ಚರವಾಗಿರುತ್ತದೆ. ಹಾಗಾಗಿ ಕೇಬಲೇ ಮೇಲು ಎನ್ನುವುದು ನನ್ನ ಅಭಿಪ್ರಾಯ.

ಜೋಡಿಸುವ ಹಂತಗಳು

1. ಮೂರು ಕಾಲಿನ ಮಾಡ್ಯೂಲ್ ರೂಪದ ಡಿಎಚ್‌ಟಿ-22 ಕೇಳಿ ತನ್ನಿ. ನಾಲ್ಕು ಕಾಲಿನ ಬಿಡಿ ಸೆನ್ಸರಿಗೆ ಪ್ರತ್ಯೇಕ ರೆಸಿಸ್ಟರ್ ಕೂಡಿಸಬೇಕಾಗುತ್ತದೆ, ಮಾಡ್ಯೂಲಿನಲ್ಲಿ ಅದು ಮೊದಲೇ ಇರುತ್ತದೆ.

2. ಕೇಬಲ್ ಚುಚ್ಚುವ ಮೊದಲೇ ತಂತಿ ಜೋಡಿಸಿ. ಮಾಡ್ಯೂಲಿನ ಪ್ಲಸ್ ಗುರುತನ್ನು ಉನೋದ 5 ವೋಲ್ಟಿಗೆ, ಮೈನಸ್ ಗುರುತನ್ನು ಗ್ರೌಂಡಿಗೆ, ಔಟ್ ಗುರುತಿನ ಕಾಲನ್ನು 2ನೇ ನಂಬರಿನ ಪಿನ್ನಿಗೆ. ಬೇರೆ ಬೇರೆ ತಯಾರಕರು ಕಾಲುಗಳ ಸಾಲನ್ನು ಬದಲಿಸಿರುತ್ತಾರೆ, ಆದ್ದರಿಂದ ಚಿತ್ರ ನೋಡಿ ಜೋಡಿಸದೆ ಮಾಡ್ಯೂಲಿನ ಮೇಲೆ ಅಚ್ಚಾಗಿರುವ ಗುರುತನ್ನೇ ಓದಿ. ಪ್ಲಸ್-ಮೈನಸ್ ಅದಲು ಬದಲಾದರೆ ಸೆನ್ಸರ್ ಕ್ಷಣದಲ್ಲಿ ಬಿಸಿಯಾಗಿ ಹಾಳಾಗುತ್ತದೆ.

3. ಕಂಪ್ಯೂಟರಿನಲ್ಲಿ ಆರ್ಡುಯಿನೋ ಐಡಿಇ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದರ ಲೈಬ್ರರಿ ಮ್ಯಾನೇಜರಿನಲ್ಲಿ ಅಡಾಫ್ರೂಟ್‌ನವರ ಡಿಎಚ್‌ಟಿ ಸೆನ್ಸರ್ ಲೈಬ್ರರಿ ಹುಡುಕಿ ಸೇರಿಸಿ. ಜೊತೆಗೆ ಯೂನಿಫೈಡ್ ಸೆನ್ಸರ್ ಲೈಬ್ರರಿಯೂ ಬೇಕೇ ಎಂದು ಕೇಳುತ್ತದೆ, ಬೇಕು ಎನ್ನಿ.

4. ಫೈಲ್ ಮೆನುವಿನ ಎಕ್ಸಾಂಪಲ್ಸ್ ಒಳಗೆ ಡಿಎಚ್‌ಟಿ ಟೆಸ್ಟರ್ ಎಂಬ ಸಿದ್ಧ ಪ್ರೋಗ್ರಾಂ ಸಿಗುತ್ತದೆ. ಅದು 2ನೇ ಪಿನ್ನಿಗೆ, ಡಿಎಚ್‌ಟಿ-22ಕ್ಕೆ ಎಂದೇ ಬರೆದದ್ದು, ಆದ್ದರಿಂದ ಒಂದೇ ಒಂದು ಬದಲಾವಣೆ ಸಾಕು. ಡಿಲೇ ಎಂದಿರುವ ಕಡೆ 2000 ಎಂಬ ಅಂಕಿ ಇರುತ್ತದೆ. ಎರಡು ಸೆಕೆಂಡಿಗೊಮ್ಮೆ ಎಂದು ಅದರ ಅರ್ಥ. ಮೊದಲ ದಿನ ಹಾಗೇ ಬಿಟ್ಟು ಕೆಲಸ ಮಾಡುತ್ತಿದೆಯೇ ನೋಡಿ. ನಂತರ ಅದನ್ನು 300000 ಮಾಡಿ ಬೋರ್ಡಿಗೆ ಅಪ್‌ಲೋಡ್ ಮಾಡಿ. ಆಗ ಐದು ನಿಮಿಷಕ್ಕೊಂದು ಅಂಕಿ ಬರುತ್ತದೆ.

5. ಐಡಿಇಯ ಸೀರಿಯಲ್ ಮಾನಿಟರ್ ತೆರೆದು ವೇಗ 9600 ಇಡಿ. ತೇವ, ಉಷ್ಣಾಂಶ, ಜೊತೆಗೆ ಮೈಗೆ ತಾಗುವ ಸೆಕೆಯ ಅಂದಾಜು ಒಂದೇ ಸಾಲಿನಲ್ಲಿ ಬರುತ್ತವೆ. ಓದಲಾಗಲಿಲ್ಲ ಎಂಬ ಸಂದೇಶ ಬಂದರೆ ಔಟ್ ಕಾಲಿನ ತಂತಿ ಸಡಿಲವಾಗಿದೆ ಎಂದೇ ಮೊದಲು ಅನುಮಾನಿಸಿ. ಹತ್ತರಲ್ಲಿ ಎಂಟು ಸಲ ತಪ್ಪು ಅಲ್ಲೇ ಇರುತ್ತದೆ.

6. ಬರೆದಿಡಲು ವಿಂಡೋಸ್‌ನಲ್ಲಿ ಟೆರಾ ಟರ್ಮ್ ಎಂಬ ಉಚಿತ ತಂತ್ರಾಂಶ ಅನುಕೂಲ. ಸೀರಿಯಲ್ ಪೋರ್ಟ್ ಆರಿಸಿ, ಲಾಗ್ ಶುರು ಮಾಡುವಾಗ ಟೈಮ್‌ಸ್ಟಾಂಪ್ ಎಂಬ ಚೌಕಕ್ಕೆ ಗುರುತು ಹಾಕಿ. ಪ್ರತಿ ಸಾಲಿನ ಮುಂದೆ ದಿನಾಂಕ, ಗಂಟೆ ತಾನೇ ಕೂರುತ್ತದೆ. ಗಂಟೆ ಇಲ್ಲದ ಅಂಕಿ ಬರಿಯ ಅಂಕಿ, ಅದರಿಂದ ಏನೂ ಗೊತ್ತಾಗುವುದಿಲ್ಲ. ಟೆರಾ ಟರ್ಮ್ ತೆರೆಯುವ ಮೊದಲು ಐಡಿಇಯ ಸೀರಿಯಲ್ ಮಾನಿಟರನ್ನು ಮುಚ್ಚಿ. ಒಂದು ಪೋರ್ಟನ್ನು ಎರಡು ತಂತ್ರಾಂಶ ಒಟ್ಟಿಗೆ ಹಿಡಿಯಲಾರವು.

7. ಲ್ಯಾಪ್‌ಟಾಪಿನ ಸ್ಲೀಪ್ ಆಯ್ಕೆಯನ್ನು ನಿಲ್ಲಿಸಿ. ಪರದೆ ಆರಲಿ, ಯಂತ್ರ ಮಲಗಬಾರದು.

ಐದು ನಿಮಿಷಕ್ಕೊಂದರಂತೆ ದಿನಕ್ಕೆ 288 ಸಾಲು, ವರ್ಷಕ್ಕೆ 1,05,120. ಎಕ್ಸೆಲ್ ಒಂದು ಹಾಳೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಾಲು ಹಿಡಿಯುತ್ತದೆ. ಹತ್ತಿರ ಹತ್ತಿರ ಹತ್ತು ವರ್ಷದ ಮನೆಯ ಹವಾಮಾನ ಒಂದೇ ಹಾಳೆಯಲ್ಲಿ!

ನಂಬುವ ಮುನ್ನ ಉಪ್ಪಿನ ಪರೀಕ್ಷೆ

ಹೊಸ ಸೆನ್ಸರ್ ಹೇಳಿದ್ದೆಲ್ಲ ಸತ್ಯವಲ್ಲ. ಪರೀಕ್ಷಿಸಲು ಪ್ರಯೋಗಾಲಯವೇನೂ ಬೇಡ, ಅಡುಗೆ ಮನೆಯ ಉಪ್ಪು ಸಾಕು. ನೀರಿನಲ್ಲಿ ಕರಗಿ ಮಿಕ್ಕಷ್ಟು ಉಪ್ಪು ಇರುವ ಗೊಜ್ಜು ಮುಚ್ಚಿದ ಡಬ್ಬಿಯ ಗಾಳಿಯನ್ನು ಶೇ 75ರ ತೇವಕ್ಕೆ ತಂದು ನಿಲ್ಲಿಸುತ್ತದೆ. 20 ಡಿಗ್ರಿಯಿರಲಿ, 30 ಇರಲಿ, ಹೆಚ್ಚುಕಡಿಮೆ ಅಷ್ಟೇ. ಪ್ರಕೃತಿ ಕೊಟ್ಟ ತಕ್ಕಡಿ ಬಟ್ಟು ಎನ್ನಬಹುದು.

ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಒದ್ದೆ ಮರಳಿನ ಹದ ಬರುವಷ್ಟು ನೀರು ಚಿಮುಕಿಸಿ. ಪೂರ್ತಿ ಕರಗಿದರೆ ಪರೀಕ್ಷೆ ಕೆಟ್ಟಿತು. ಅದನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಪಕ್ಕದಲ್ಲಿ ಸೆನ್ಸರ್ ಇಡಿ, ಉಪ್ಪು ತಾಗದಿರಲಿ. ತಂತಿ ಹೊರಬರುವ ಸಂದಿಗೆ ಟೇಪು ಸುತ್ತಿ. ಬಿಸಿಲು, ಫ್ಯಾನು ತಾಗದ ಕಡೆ ಒಂದು ರಾತ್ರಿ ಬಿಡಿ. ಬೆಳಗ್ಗೆ ಅಂಕಿ 75ರ ಬದಲು 79 ತೋರಿಸಿದರೆ ನಿಮ್ಮ ಸೆನ್ಸರ್ 4 ಹೆಚ್ಚು ಹೇಳುತ್ತದೆ, ಇನ್ನು ಮುಂದೆ ಪ್ರತಿ ಅಂಕಿಯಿಂದ 4 ಕಳೆಯಿರಿ. ಎರಡು ಸೆನ್ಸರ್ ಇದ್ದರೆ ಎರಡನ್ನೂ ಒಂದೇ ಡಬ್ಬಿಯಲ್ಲಿಡಿ, ಪರಸ್ಪರ ವ್ಯತ್ಯಾಸವೂ ತಿಳಿಯುತ್ತದೆ. ಆರು ತಿಂಗಳಿಗೊಮ್ಮೆ ಹೀಗೆ ಮಾಡಿ.

ಎಲ್ಲಿ ಇಡಬೇಕು?

ಈ ಇಡೀ ಕೆಲಸದಲ್ಲಿ ಹೆಚ್ಚು ಯೋಚಿಸಬೇಕಾದ ಮಾತು ಇದು. ಒಂದು ಸೆನ್ಸರ್ ಒಳಗೆ, ಒಂದು ಹೊರಗೆ ಇರಲೇಬೇಕು. ಒಳಗೆ 33 ಡಿಗ್ರಿ ಎಂದಷ್ಟೇ ತಿಳಿದು ನೀವೇನೂ ಮಾಡಲಾರಿರಿ. ಒಳಗೆ 33, ಹೊರಗೆ 27 ಎಂದು ತಿಳಿದರೆ ಕಿಟಕಿ ತೆರೆಯುತ್ತೀರಿ.

ಹೊರಗಿನದನ್ನು ಉತ್ತರ ದಿಕ್ಕಿನ ಸೂರಿನ ಕೆಳಗೆ, ನಾಲ್ಕೈದು ಅಡಿ ಎತ್ತರದಲ್ಲಿ, ಗೋಡೆಯಿಂದ ಗೇಣು ದೂರ ತೂಗಿಸಿ. ಹವಾಮಾನ ಇಲಾಖೆಯವರು ಥರ್ಮಾಮೀಟರುಗಳನ್ನು ಬಿಳಿ ಬಣ್ಣ ಬಳಿದ, ಸುತ್ತ ಪಟ್ಟಿ ಕಿಂಡಿಗಳಿರುವ ಮರದ ಪೆಟ್ಟಿಗೆಯಲ್ಲಿ ಇಡುವುದನ್ನು ನೋಡಿರಬಹುದು. ಬಿಸಿಲು ತಾಗಬಾರದು, ಗಾಳಿ ಆಡಬೇಕು, ಅಷ್ಟೇ ಅದರ ಗುಟ್ಟು. ಹೂಕುಂಡದ ಅಡಿಗೆ ಇಡುವ ಬಿಳಿ ಪ್ಲಾಸ್ಟಿಕ್ ತಟ್ಟೆ ನಾಲ್ಕನ್ನು ಬೋರಲಾಗಿ, ನಡುವೆ ಬೆರಳಗಲ ಸಂದು ಬಿಟ್ಟು ಒಂದರ ಮೇಲೊಂದು ಪೋಣಿಸಿದರೆ ನಿಮ್ಮದೇ ಪೆಟ್ಟಿಗೆ ಆಯಿತು. ಮೇಲಿನದನ್ನು ಬಿಟ್ಟು ಉಳಿದವಕ್ಕೆ ನಡುವೆ ತೂತು ಕೊರೆದು ಸೆನ್ಸರನ್ನು ಒಳಗೆ ಇಳಿಬಿಡಿ.

ಒಳಗಿನದು ಎಲ್ಲಿರಬೇಕು ಎನ್ನುವುದು ಯಾರಿಗಾಗಿ ಅಳೆಯುತ್ತೀರಿ ಎನ್ನುವುದರ ಮೇಲಿದೆ. ಮಲಗುವವರಿಗಾಗಿ ಆದರೆ ಮಂಚದ ಎತ್ತರ. ಚೀಲಕ್ಕಾಗಿ ಆದರೆ ಚೀಲಕ್ಕೂ ಗೋಡೆಗೂ ನಡುವೆ, ನೆಲದಿಂದ ಒಂದು ಗೇಣು ಮೇಲೆ. ಹುಳು ಮನೆಯಲ್ಲಾದರೆ ತಟ್ಟೆಗಳ ನಡುವಿನ ಎತ್ತರ. ಗೋಡೆಯ ಮೊಳೆಗೆ ತೂಗಿಸಿದರೆ ಗೋಡೆಯ ಬಿಸಿಯನ್ನು ಅಳೆಯುತ್ತೀರೇ ಹೊರತು ಹುಳು ಉಸಿರಾಡುವ ಗಾಳಿಯನ್ನಲ್ಲ.

ಅಂಕಿ ಬಂತು, ಮುಂದೇನು?

ಒಂದು ವಾರ ಏನನ್ನೂ ಬದಲಿಸದೆ ಬರೆಯಲು ಬಿಡಿ. ನಂತರ ಎಕ್ಸೆಲ್‌ನಲ್ಲಿ ರೇಖೆ ಎಳೆಯಿರಿ, ಒಳಗಿನದಕ್ಕೆ ಒಂದು ಬಣ್ಣ, ಹೊರಗಿನದಕ್ಕೆ ಇನ್ನೊಂದು.

*ಸೆಕೆ.* ಏಪ್ರಿಲ್ ತಿಂಗಳ ರೇಖೆಯಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಹೊರಗೆ ಅತಿ ಬಿಸಿಯಾಗುವುದು ಮಧ್ಯಾಹ್ನ ಎರಡು-ಮೂರಕ್ಕೆ. ಆರ್‌ಸಿಸಿ ಮನೆಯೊಳಗೆ ಅತಿ ಬಿಸಿ ಸಂಜೆ ಐದಾರಕ್ಕೆ. ನಾಲ್ಕಂಗುಲದ ಕಾಂಕ್ರೀಟನ್ನು ಬಿಸಿ ದಾಟಿ ಬರಲು ಮೂರು ಗಂಟೆಯಾದರೂ ಹಿಡಿಯುತ್ತದೆ, ಬಂದ ಮೇಲೆ ರಾತ್ರಿಯೆಲ್ಲ ಒಳಕ್ಕೆ ಕಾರುತ್ತದೆ. ನಮ್ಮ ಸೀಮೆಯ ಹಳೇ ಮಾಳಿಗೆ ಮನೆಗಳಲ್ಲಿ ಮರದ ತೊಲೆಯ ಮೇಲೆ ದಪ್ಪನಾಗಿ ಕರಲು ಮಣ್ಣು ಹೊದಿಸುತ್ತಿದ್ದರು. ಆ ದಪ್ಪಕ್ಕೆ ಬಿಸಿ ಇನ್ನೂ ತಡವಾಗಿ, ಅದೂ ಬಹಳ ಕುಗ್ಗಿ ಒಳಗಿಳಿಯುತ್ತದೆ. ನೆರೆಯಲ್ಲಿ ಅಂಥ ಮನೆ ಉಳಿದಿದ್ದರೆ ಒಂದು ವಾರ ಅಲ್ಲೂ ಸೆನ್ಸರ್ ಇಟ್ಟು ನೋಡಿ. ಎರಡು ರೇಖೆ ಪಕ್ಕಪಕ್ಕ ಇಟ್ಟಾಗ ಹಿರಿಯರ ಮಣ್ಣಿನ ಲೆಕ್ಕ ಕಣ್ಣಿಗೆ ಕಾಣುತ್ತದೆ. ತಗಡಿನ ಮನೆಯ ರೇಖೆ ಮಾತ್ರ ಹೊರಗಿನ ಬಿಸಿಲಿನ ಜೊತೆಗೇ ಏರಿ, ಸಂಜೆ ಬೇಗ ಇಳಿಯುತ್ತದೆ.

ಎರಡು ರೇಖೆ ಒಂದನ್ನೊಂದು ದಾಟುವ ಹೊತ್ತು ಯಾವುದು ಎಂದು ಗುರುತು ಮಾಡಿಕೊಳ್ಳಿ. ಸಂಜೆ ಹೊರಗಿನ ಬಿಸಿ ಒಳಗಿನದಕ್ಕಿಂತ ಕೆಳಗಿಳಿದ ಗಳಿಗೆಗೆ ಕಿಟಕಿ ತೆರೆಯಿರಿ, ಬೆಳಗ್ಗೆ ಮತ್ತೆ ಮೇಲೇರುವ ಮೊದಲು ಮುಚ್ಚಿ. ಬೇಸಿಗೆಯಲ್ಲಿ ನಮ್ಮಲ್ಲಿ ಹಗಲೆಲ್ಲ ಕಿಟಕಿ ತೆರೆದಿಟ್ಟು ಬಿಸಿಗಾಳಿಯನ್ನು ಒಳಗೆ ಕರೆದು, ರಾತ್ರಿ ಸೊಳ್ಳೆಗೆ ಹೆದರಿ ಮುಚ್ಚುತ್ತಾರೆ. ತಿರುಗಾಮುರುಗಾ ಆಗಬೇಕಾದ ಕೆಲಸ ಇದು. ಕಿಟಕಿಗೆ ಸೊಳ್ಳೆ ಜಾಲರಿ ಹೊಡೆಸಲು ಆಗುವ ಖರ್ಚು ಕೂಲರಿನದಕ್ಕಿಂತ ಕಡಿಮೆ.

ಫ್ಯಾನು ಹಾಕಿದರೆ ಸೆನ್ಸರಿನ ಅಂಕಿ ಇಳಿಯುವುದಿಲ್ಲ, ಗಾಬರಿಯಾಗಬೇಡಿ. ಫ್ಯಾನು ಕೋಣೆಯನ್ನು ತಣಿಸುವುದಿಲ್ಲ, ಮೈಯ ಬೆವರನ್ನು ಆರಿಸಿ ನಿಮ್ಮನ್ನು ತಣಿಸುತ್ತದೆ. ಗಾಳಿಯೇ 40 ಡಿಗ್ರಿ ದಾಟಿದರೆ ಫ್ಯಾನು ಮೈಗೆ ಬಿಸಿಯನ್ನೇ ತುಂಬುತ್ತದೆ. ಅಂಥ ಹೊತ್ತಿನಲ್ಲಿ ವಯಸ್ಸಾದವರಿಗೂ ಮಕ್ಕಳಿಗೂ ಒದ್ದೆ ಬಟ್ಟೆ, ನೀರು, ತಂಪಾದ ಬೇರೆ ಜಾಗ ಬೇಕು.

ಕೂಲರ್ ಕೊಳ್ಳಬೇಕೇ ಎನ್ನುವುದನ್ನೂ ಇದೇ ಅಂಕಿ ಹೇಳುತ್ತದೆ. 38 ಡಿಗ್ರಿ, ಶೇ 20 ತೇವದ ಗಾಳಿಯನ್ನು ನೀರು ಹಾಯಿಸಿ ಹೆಚ್ಚೆಂದರೆ 21 ಡಿಗ್ರಿಯ ಹತ್ತಿರಕ್ಕೆ ಇಳಿಸಬಹುದು. 28 ಡಿಗ್ರಿ, ಶೇ 80 ತೇವದ ಗಾಳಿ ಎಷ್ಟು ನೀರು ಸುರಿದರೂ 25ರ ಕೆಳಗೆ ಬರುವುದಿಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಹಿರಿಯೂರು ಸೀಮೆಯಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಜುಲೈಯಲ್ಲಿ ಮನೆಗೆ ತೇವವನ್ನಷ್ಟೇ ತುಂಬುತ್ತದೆ.

*ಬಿತ್ತನೆ ಬೀಜ.* ಶೇಂಗಾ ಕಾಯಿಯನ್ನು ಅದರ ತೇವಾಂಶ ಶೇ 8-9ಕ್ಕೆ ಇಳಿಯುವವರೆಗೆ ಒಣಗಿಸಿ ಇಡಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಮರೆತುಹೋಗುವುದೇನೆಂದರೆ, ಒಣಗಿದ ಬೀಜ ಗಾಳಿಯಿಂದ ತೇವವನ್ನು ಮತ್ತೆ ಹೀರುತ್ತದೆ. ಚೀಲದ ಪಕ್ಕದ ಸೆನ್ಸರ್ ಶೇ 65ರ ಕೆಳಗಿದ್ದರೆ ನೆಮ್ಮದಿ. 70ರ ಮೇಲೆ ದಿನಗಟ್ಟಲೆ ನಿಂತರೆ ಎಚ್ಚರ. 80 ದಾಟಿ ನಿಂತರೆ ಆಸ್ಪರ್‌ಜಿಲಸ್ ಎಂಬ ಬೂಷ್ಟಿಗೆ ಹಬ್ಬ. ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುವುದು ಅದರಿಂದಲೇ, ಅದು ಯಕೃತ್ತಿಗೆ ಕೆಡುಕು. ಹುರಿದರೂ ಪೂರ್ತಿ ಹೋಗುವುದಿಲ್ಲ. ಬೂಷ್ಟು ಹಿಡಿದ ಕಾಯಿಯನ್ನು ಆರಿಸಿ ತಿನ್ನಬೇಡಿ, ದನಕ್ಕೂ ಹಾಕಬೇಡಿ.

ಅಂಕಿ ಏರಿದೆ ಎಂದು ಕಂಡರೆ ಮೂರು ಕೆಲಸ. ಚೀಲವನ್ನು ನೆಲದಿಂದ ಎತ್ತಿ ಮರದ ಹಲಗೆಯ ಮೇಲೆ ಇಡಿ. ಗೋಡೆಯಿಂದ ಎರಡು ಅಡಿ ದೂರ ಸರಿಸಿ. ಹೊರಗಿನ ಗಾಳಿಯಲ್ಲಿ ಆವಿ ಕಡಿಮೆ ಇರುವಾಗ ಮಾತ್ರ ಕಿಟಕಿ ತೆರೆಯಿರಿ. ಆವಿ ಎಲ್ಲಿ ಕಡಿಮೆ ಎಂದು ತಿಳಿಯಲು ಶೇಕಡಾ ಅಂಕಿಯನ್ನು ನೇರ ಹೋಲಿಸಬೇಡಿ, ಇಬ್ಬನಿ ಬಿಂದುವನ್ನು, ಅಂದರೆ ಆವಿ ಹನಿಗಟ್ಟತೊಡಗುವ ಉಷ್ಣಾಂಶವನ್ನು, ಹೋಲಿಸಿ. ಅದಕ್ಕೊಂದು ಬಾಯಿ ಲೆಕ್ಕ ಇದೆ: ನೂರರಲ್ಲಿ ತೇವದ ಅಂಕಿ ಕಳೆಯಿರಿ, ಉಳಿದದ್ದನ್ನು 5ರಿಂದ ಭಾಗಿಸಿ, ಬಂದದ್ದನ್ನು ಉಷ್ಣಾಂಶದಿಂದ ಕಳೆಯಿರಿ. ಒಳಗೆ 28 ಡಿಗ್ರಿ, ಶೇ 70 ಇದ್ದರೆ ಇಬ್ಬನಿ ಬಿಂದು 22. ಹೊರಗೆ ಮಳೆ ನಿಂತು 23 ಡಿಗ್ರಿ, ಶೇ 85 ಇದ್ದರೆ ಅಲ್ಲಿ 20. ಶೇಕಡಾ ನೋಡಿದರೆ ಹೊರಗೇ ಒದ್ದೆ ಎನಿಸುತ್ತದೆ. ಆದರೆ ನಿಜವಾಗಿ ಆವಿ ಕಡಿಮೆ ಇರುವುದು ಹೊರಗೆ, ಹಾಗಾಗಿ ತೆರೆಯಬಹುದು. ತೇವ ಶೇ 50ಕ್ಕಿಂತ ಹೆಚ್ಚಿದ್ದಾಗ ಮಾತ್ರ ಈ ಲೆಕ್ಕ ಸರಿ ಬರುತ್ತದೆ.

ಬೀಜ ವಿಜ್ಞಾನಿ ಹ್ಯಾರಿಂಗ್ಟನ್ ಹೇಳಿದ ಸೂತ್ರವೊಂದಿದೆ. ಬೀಜದ ತೇವಾಂಶ ಶೇ 1ರಷ್ಟು ಇಳಿದರೆ ಅದರ ಬಾಳಿಕೆ ಇಮ್ಮಡಿ, ಇಟ್ಟ ಜಾಗದ ಬಿಸಿ 5 ಡಿಗ್ರಿ ಇಳಿದರೂ ಇಮ್ಮಡಿ. ತಗಡಿನ ಮಾಡಿನ ಕೆಳಗಿನ ಅಟ್ಟದಲ್ಲಿ ಬೀಜ ಇಡುವವರು ಒಂದು ವಾರ ಅಲ್ಲಿನ ಬಿಸಿ ಅಳೆದು ನೋಡಲಿ, ಚೀಲ ತಾನಾಗಿ ಕೆಳಗಿಳಿಯುತ್ತದೆ.

*ಈರುಳ್ಳಿ.* ಇದಕ್ಕೆ ಬೇರೆ ಹದ. 25ರಿಂದ 30 ಡಿಗ್ರಿ, ಶೇ 65-70 ತೇವ. ಇದಕ್ಕಿಂತ ಒಣಗಿದರೆ ತೂಕ ಹೋಗುತ್ತದೆ, ಒದ್ದೆಯಾದರೆ ಕಪ್ಪು ಬೂಷ್ಟು, ಕೊಳೆ. ಶೇಂಗಾ ಮತ್ತು ಈರುಳ್ಳಿಯನ್ನು ಒಂದೇ ಕೋಣೆಯಲ್ಲಿ ತುಂಬಬೇಡಿ. ಈರುಳ್ಳಿ ಬಿಡುವ ತೇವ ಶೇಂಗಾಕ್ಕೆ ಆಗಿಬರುವುದಿಲ್ಲ.

*ರೇಷ್ಮೆ ಹುಳು.* ಅಂಕಿ ನೋಡಿ ಸಾಕುವ ಪದ್ಧತಿ ಮೊದಲಿನಿಂದಲೂ ಇರುವುದು ಇಲ್ಲೇ. ಮೊದಲ ಹಂತದ ಮರಿಗಳಿಗೆ 28 ಡಿಗ್ರಿ, ಶೇ 85-90 ತೇವ ಬೇಕು. ಒಂದೊಂದು ಹಂತ ದಾಟಿದಂತೆ ಎರಡನ್ನೂ ಇಳಿಸುತ್ತ ಬಂದು, ಐದನೇ ಹಂತದ ದೊಡ್ಡ ಹುಳುವಿಗೆ 24 ಡಿಗ್ರಿ, ಶೇ 65-70. ಒಣ-ಒದ್ದೆ ಬಲ್ಬನ್ನು ತೆಗೆದುಹಾಕಬೇಡಿ, ಸೆನ್ಸರಿನ ಪಕ್ಕದಲ್ಲೇ ಇರಲಿ, ಒಂದನ್ನೊಂದು ಪರೀಕ್ಷಿಸುತ್ತವೆ. ರಾತ್ರಿ ಎರಡು ಗಂಟೆಗೆ ಬಿಸಿ ಎಷ್ಟಕ್ಕೆ ಇಳಿಯಿತು ಎಂಬುದು ಬೆಳಗ್ಗೆ ನೋಡಿದ ಬಲ್ಬಿಗೆ ಗೊತ್ತಿರುವುದಿಲ್ಲ. ಹುಳುವಿನ ಹಸಿವು ಕುಗ್ಗಿದ ದಿನ ರಾತ್ರಿಯ ರೇಖೆ ತೆಗೆದು ನೋಡಿ.

ಎಚ್ಚರಿಕೆ

1. ಹುಳು ಮನೆಗೆ ಬ್ಲೀಚಿಂಗ್ ಪುಡಿ, ಫಾರ್ಮಲಿನ್ ಸಿಂಪಡಿಸುವ ಮೊದಲು ಸೆನ್ಸರನ್ನು ಬಿಚ್ಚಿ ಹೊರಗಿಡಿ, ವಾಸನೆ ಪೂರ್ತಿ ಹೋದ ಮೇಲೆ ತನ್ನಿ. ತೇವ ಹಿಡಿಯುವ ತೆಳು ಪದರವನ್ನು ಇಂಥ ಆವಿ ಕೆಡಿಸುತ್ತದೆ. ಹಾಸಿಗೆಗೆ ಎರಚುವ ಸುಣ್ಣದ ಪುಡಿಯಿಂದಲೂ ದೂರ ಇರಲಿ.

2. ಅಡುಗೆ ಮನೆಯ ಒಗ್ಗರಣೆ ಹೊಗೆ, ಊದುಬತ್ತಿ ಹೊಗೆ ಸೇರುವ ಕಡೆ ಬೇಡ. ಎಣ್ಣೆ ಜಿಡ್ಡು ಹತ್ತಿದ ಸೆನ್ಸರ್ ನಿಧಾನಕ್ಕೆ ಸುಳ್ಳು ಹೇಳತೊಡಗುತ್ತದೆ. ಹಠಾತ್ತನೆ ಕೆಟ್ಟರೆ ಗೊತ್ತಾಗುತ್ತದೆ, ಹೀಗೆ ನಿಧಾನವಾಗಿ ಕೆಟ್ಟರೆ ಗೊತ್ತಾಗುವುದಿಲ್ಲ.

3. ಕೂಲರ್, ಹೀಟರ್, ನೀರಿನ ಪಂಪನ್ನು ಸೆನ್ಸರಿನ ಅಂಕಿಗೆ ತಾನೇ ಆನ್-ಆಫ್ ಆಗುವಂತೆ ಜೋಡಿಸುವ ಆಸೆ ಹುಟ್ಟುತ್ತದೆ. 230 ವೋಲ್ಟಿನ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಿಂದ ಮಾತ್ರ ಮಾಡಿಸಿ. ಸೆನ್ಸರಿನ 5 ವೋಲ್ಟಿಗೆ ನೀವು, ಗೋಡೆಯ ಕರೆಂಟಿಗೆ ಅವರು.

4. ಗುಡುಗು ಸಿಡಿಲಿನ ಸಂಜೆ ಹೊರಗಿನ ಸೆನ್ಸರಿನ ತಂತಿಯನ್ನು ಬೋರ್ಡಿನಿಂದ ಕಳಚಿ.

5. ಚೀಲವಿರುವ ಕೋಣೆಯಲ್ಲಿ ಇಲಿ ಇದ್ದೇ ಇರುತ್ತದೆ. ತಂತಿಯನ್ನು ಪಿವಿಸಿ ಕೊಳವೆಯೊಳಗೆ ಎಳೆಯಿರಿ.

ಸಾಮಾನ್ಯವಾಗಿ ಆಗುವ ತಪ್ಪು

ಫ್ರಿಜ್ಜಿನ ಮೇಲೆ, ಟಿವಿಯ ಹಿಂದೆ, ಲ್ಯಾಪ್‌ಟಾಪಿನ ಪಕ್ಕ ಸೆನ್ಸರ್ ಇಡುವುದು ಎಲ್ಲರೂ ಮಾಡುವ ತಪ್ಪು. ಯಂತ್ರದ ಬಿಸಿಯೇ ಎರಡು-ಮೂರು ಡಿಗ್ರಿ ಕೂಡಿಸುತ್ತದೆ, ಬಿಸಿ ಹೆಚ್ಚಾದ್ದರಿಂದ ತೇವದ ಅಂಕಿ ತಪ್ಪಾಗಿ ಇಳಿಯುತ್ತದೆ. ಎರಡು ಮೀಟರ್ ತಂತಿ ಎಳೆದು ದೂರ ಇಡಿ. ತೀರಾ ಉದ್ದವೂ ಬೇಡ, ತಂತಿ ಉದ್ದವಾದಷ್ಟೂ ಅಂಕಿ ತಪ್ಪಿಹೋಗುವ ಸಾಧ್ಯತೆ ಹೆಚ್ಚು.

ಮೊಬೈಲ್ ತೋರಿಸುವ ಊರಿನ ಉಷ್ಣಾಂಶಕ್ಕೆ ನಿಮ್ಮ ಅಂಕಿ ತಾಳೆಯಾಗಲಿಲ್ಲ ಎಂದು ಸೆನ್ಸರನ್ನು ದೂರಬೇಡಿ. ಅದು ಎಷ್ಟೋ ಮೈಲಿ ಸುತ್ತಳತೆಯ ಅಂದಾಜು. ಹೋಲಿಸಲೇಬೇಕಿದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಮಟ್ಟದಲ್ಲಿ ಇಟ್ಟಿರುವ ಹವಾಮಾನ ಯಂತ್ರಗಳ ಮಾಹಿತಿ ನೋಡಿ.

ದಿನದ ಸರಾಸರಿ ತೆಗೆದು ಸುಮ್ಮನಾಗುವುದು ಇನ್ನೊಂದು. ತೇವ ಹಗಲು ಶೇ 40, ರಾತ್ರಿ ಶೇ 90 ಇದ್ದರೆ ಸರಾಸರಿ 65 ಬರುತ್ತದೆ, ಕಾಗದದ ಮೇಲೆ ಎಲ್ಲ ಸರಿ. ಬೂಷ್ಟು ಹುಟ್ಟುವುದು ಆ 90ರಲ್ಲಿ. ಆದ್ದರಿಂದ 70ರ ಮೇಲೆ ಎಷ್ಟು ಗಂಟೆ ಇತ್ತು ಎಂದು ಎಣಿಸಿ. ಎಕ್ಸೆಲ್‌ನ ಕೌಂಟ್‌ಇಫ್ ಸೂತ್ರ ಒಂದೇ ಸಾಲಿನಲ್ಲಿ ಅದನ್ನು ಹೇಳುತ್ತದೆ. ಬಂದ ಸಂಖ್ಯೆಯನ್ನು 12ರಿಂದ ಭಾಗಿಸಿದರೆ ಗಂಟೆ.

ಕೊನೆಯದು, ಎಲ್ಲವನ್ನೂ ಒಟ್ಟಿಗೆ ಬದಲಿಸುವುದು. ಮಾಡಿಗೆ ಸುಣ್ಣ ಬಳಿದು, ಕಿಟಕಿಯ ಹೊತ್ತು ಬದಲಿಸಿ, ಪರದೆಯನ್ನೂ ಕಟ್ಟಿದರೆ ಯಾವುದರಿಂದ ಎಷ್ಟು ಇಳಿಯಿತು ಎಂದು ತಿಳಿಯುವುದಿಲ್ಲ. ಒಂದೊಂದನ್ನೇ ಮಾಡಿ, ಒಂದು ವಾರ ಬಿಟ್ಟು ನೋಡಿ, ಮಾಡಿದ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ.

ಒಳಗೂ ಹೊರಗೂ ಅಳೆಯಲು ಎರಡು ಸೆನ್ಸರ್, ಎರಡು ಬೋರ್ಡು ಬೇಕು. ಕೈ ಪಳಗಿದವರು ಒಂದೇ ಬೋರ್ಡಿನ 3ನೇ ಪಿನ್ನಿಗೆ ಎರಡನೆಯದನ್ನು ಸೇರಿಸಿ ಪ್ರೋಗ್ರಾಂನ ಸಾಲುಗಳನ್ನು ಇಮ್ಮಡಿಸಬಹುದು. ಡಿಪ್ಲೊಮಾ ಓದುವ ಮಗನೋ ಮಗಳೋ ಮನೆಯಲ್ಲಿದ್ದರೆ ಅವರಿಗೆ ಒಂದು ಸಂಜೆಯ ಕೆಲಸ. ಬೇಸಿಗೆಯಲ್ಲೇ ಶುರು ಮಾಡಿ. ಮಳೆ ಹಿಡಿದ ಮೇಲೆ ಅಳೆಯಲು ಹೊರಟರೆ ಹೋಲಿಸಿ ನೋಡಲು ಒಣ ದಿನಗಳ ಲೆಕ್ಕ ನಿಮ್ಮ ಬಳಿ ಇರುವುದಿಲ್ಲ.